ಬ್ಯಾಡಗಿ ಮಾರುಕಟ್ಟೆ, ರಕ್ತದಾನಿಗಳ ಪಟ್ಟಿ ಮತ್ತು ನನ್ನ ಕ್ಯಾಲೆಂಡರ್

ಸೋಮವಾರ, ಗುರುವಾರ ನನ್ನನ್ನು ಯಾವ ಸಭೆಗೂ ಕರೆಯಬಾರದು ಅಂತ ನಮ್ಮ ಸಂಘದವರಿಗೆಲ್ಲ ಗೊತ್ತು. ಆ ಎರಡು ದಿನ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರುಕಟ್ಟೆ, ಅಲ್ಲಿ ನಮ್ಮದೊಂದು ದಲಾಲಿ ಅಂಗಡಿ ಇದೆ. ಜನವರಿಯಿಂದ ಮಾರ್ಚ್‌ವರೆಗೆ ಅಂತೂ ಉಸಿರಾಡಲು ಪುರುಸೊತ್ತಿರುವುದಿಲ್ಲ. ಬಳ್ಳಾರಿ, ರಾಯಚೂರು, ಕೊಪ್ಪಳ, ಗದಗ, ಆ ಕಡೆ ಕರ್ನೂಲಿನಿಂದಲೂ ಲಾರಿಗಳು ಬರುತ್ತವೆ. ಬೆಳಕು ಹರಿಯುವ ಹೊತ್ತಿಗೆ ಅಂಗಡಿ ಮುಂದೆ ಚೀಲಗಳ ಸಾಲು. ಖರೀದಿದಾರರು ಲಾಟ್‌ನಿಂದ ಲಾಟ್‌ಗೆ ಹೋಗುತ್ತಾರೆ, ಕಾಯಿ ಮುರಿಯುತ್ತಾರೆ, ಬಣ್ಣ ನೋಡುತ್ತಾರೆ, ಒಣಗಿದೆಯೋ ಇಲ್ಲವೋ ಅಂತ ಬೀಜದ ಸದ್ದು ಕೇಳುತ್ತಾರೆ, ಆಮೇಲೆ ಟೆಂಡರ್ ಹಾಕುತ್ತಾರೆ. ದರ ಬಂತು ಅಂದರೆ ರೈತರನ್ನು ಕೇಳಬೇಕು. ಒಪ್ಪಿದರೆ ತೂಕ, ಲೆಕ್ಕ, ಪಟ್ಟಿ. ಒಪ್ಪದಿದ್ದರೆ ಮಾಲು ಮುಂದಿನ ಮಾರುಕಟ್ಟೆಗೆ ಉಳಿಯುತ್ತದೆ, ಇಲ್ಲವೇ ಕೋಲ್ಡ್ ಸ್ಟೋರೇಜ್ ಸೇರುತ್ತದೆ.

ನಾನು ನಡೆಸುವ ಇನ್ನೊಂದು ಕೆಲಸ ರಕ್ತದಾನಿಗಳ ಸಂಘ. ಅದಕ್ಕೆ ವರ್ಷದಲ್ಲಿ ಅತಿ ಕಷ್ಟದ ತಿಂಗಳು ಏಪ್ರಿಲ್, ಮೇ. ಕಾಲೇಜುಗಳಲ್ಲಿ ಪರೀಕ್ಷೆ, ಆಮೇಲೆ ರಜೆ. ಹುಡುಗರು ಊರಿಗೆ ಹೋಗಿರುತ್ತಾರೆ. ಬಿಸಿಲಿಗೆ ಶಿಬಿರಕ್ಕೆ ಬರುವವರು ಕಡಿಮೆ. ಆದರೆ ಹೆರಿಗೆ, ಅಪಘಾತ, ಆಪರೇಷನ್ ಯಾವುದೂ ರಜೆ ತೆಗೆದುಕೊಳ್ಳುವುದಿಲ್ಲ ಅಲ್ವಾ? ಆ ಕೊರತೆ ತುಂಬಬೇಕಾದರೆ ಫೆಬ್ರವರಿ, ಮಾರ್ಚ್‌ನಲ್ಲೇ ಪಟ್ಟಿ ಸಿದ್ಧವಾಗಬೇಕು. ಅಂದರೆ ನನ್ನ ವ್ಯಾಪಾರದ ತುದಿ ಸೀಸನ್ನು, ಸಂಘದ ತಯಾರಿ ಸೀಸನ್ನು ಎರಡೂ ಒಂದೇ. ಮೇಲೆ ಮಾರ್ಚ್ 31ರ ಲೆಕ್ಕ ಬೇರೆ.

"ವ್ಯಾಪಾರದಿಂದ ಬಿಡುವು ಸಿಕ್ಕ ಮೇಲೆ ನಾನೂ ಸಂಘಕ್ಕೆ ಬರ್ತೀನಿ" ಅಂತ ಹೇಳುವ ಗೆಳತಿಯರು ನನಗೆ ಬಹಳ ಜನ ಇದ್ದಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಬಿಡುವು ಸಿಕ್ಕಾಗ ಮಾಡುವ ಸೇವೆಯನ್ನು ನಂಬಿಕೊಂಡು ಯಾರೂ ಕೂರಲು ಆಗುವುದಿಲ್ಲ. ಇಪ್ಪತ್ತು ವರ್ಷಕ್ಕೂ ಜಾಸ್ತಿ ಎರಡನ್ನೂ ಮಾಡಿದ ಮೇಲೆ ನಾನು ಇಷ್ಟನ್ನು ಖಂಡಿತವಾಗಿ ಹೇಳಬಲ್ಲೆ. ಸಂಘದ ದಿನವನ್ನು ಮೊದಲು ಕ್ಯಾಲೆಂಡರ್‌ನಲ್ಲಿ ಬರೆಯಬೇಕು, ಬ್ಯಾಂಕಿನ ಕಂತಿನ ಹಾಗೆ. ಉಳಿದದ್ದು ಆಮೇಲೆ.

ಈ ಅಭ್ಯಾಸ ನನಗೆ ಹತ್ತಿದ್ದು ಕಾಲೇಜಿನಲ್ಲಿ. 1995ರಲ್ಲಿ ದೇಶದಲ್ಲಿ ಪಲ್ಸ್ ಪೋಲಿಯೊ ಶುರುವಾಯಿತು. ಆಗ ಹಾವೇರಿ ಇನ್ನೂ ಧಾರವಾಡ ಜಿಲ್ಲೆಯಲ್ಲೇ ಇತ್ತು, ಬೇರೆ ಜಿಲ್ಲೆ ಆಗಿದ್ದು 1997ರಲ್ಲಿ. ನಾನು ಎನ್‌ಎಸ್‌ಎಸ್‌ನಲ್ಲಿದ್ದೆ. ಬೂತ್‌ನಲ್ಲಿ ಕೂರುವುದು, ಬಾರದ ಮಕ್ಕಳ ಮನೆ ಹುಡುಕಿಕೊಂಡು ಹೋಗುವುದು ನಮ್ಮ ಕೆಲಸ. ಹಬ್ಬವಿರಲಿ, ಮದುವೆ ಇರಲಿ, ಗೊತ್ತಾದ ದಿನ ಹನಿ ಹಾಕಲೇಬೇಕು. ಭಾರತದ ಕೊನೆಯ ಪೋಲಿಯೊ ಪ್ರಕರಣ 2011ರ ಜನವರಿಯಲ್ಲಿ ಹೌರಾದಲ್ಲಿ ಸಿಕ್ಕಿತು, 2014ರ ಮಾರ್ಚ್‌ನಲ್ಲಿ ನಮಗೆ ಪೋಲಿಯೊ ಮುಕ್ತ ಅನ್ನುವ ಪ್ರಮಾಣಪತ್ರ ಬಂತು. ಅಷ್ಟೂ ವರ್ಷ ಲಕ್ಷಾಂತರ ಜನ ಮಾಡಿದ್ದು ಅದೇ ಕೆಲಸ, ಮತ್ತೆ ಮತ್ತೆ, ತಾರೀಕು ತಪ್ಪದೆ. ಆ ಸುದ್ದಿ ಓದಿದ ದಿನ ನಾನು ಅಂಗಡಿಯಲ್ಲಿ ಎಲ್ಲರಿಗೂ ಪೇಡೆ ಹಂಚಿದ್ದೆ.

ಬಿ.ಕಾಂ ಮುಗಿಸಿ ಹುಬ್ಬಳ್ಳಿಯ ಒಬ್ಬ ಆಡಿಟರ್ ಆಫೀಸಿನಲ್ಲಿ ಕೆಲಸಕ್ಕೆ ಸೇರಿದೆ. ವೋಚರ್ ಇಲ್ಲದೆ ಒಂದು ರೂಪಾಯಿಯನ್ನೂ ಪುಸ್ತಕಕ್ಕೆ ಏರಿಸಬಾರದು ಅನ್ನುವುದು ಅಲ್ಲಿ ಕಲಿತ ಪಾಠ. ಆಮೇಲೆ ರಾಣೆಬೆನ್ನೂರಿನಲ್ಲಿ ಬೀಜದ ಕಂಪನಿಯೊಂದರ ಲೆಕ್ಕಪತ್ರ. ರಾಣೆಬೆನ್ನೂರು ಸುತ್ತಮುತ್ತ ಹೈಬ್ರಿಡ್ ಬೀಜೋತ್ಪಾದನೆ ಎಷ್ಟು ದೊಡ್ಡದು ಅಂತ ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಹೆಣ್ಣುಮಕ್ಕಳು ಹೊಲದಲ್ಲಿ ಹೂವಿನಿಂದ ಹೂವಿಗೆ ಕೈಯಾರೆ ಪರಾಗ ಮುಟ್ಟಿಸಿ ಬೀಜ ಮಾಡುತ್ತಾರೆ. ಆ ಬೀಜದ ಮೊಳಕೆ ಪರೀಕ್ಷೆ ಆಗಬೇಕು, ಬಿತ್ತಿ ಬೆಳೆಸಿ ಶುದ್ಧತೆ ನೋಡಬೇಕು. ರೈತರಿಗೆ ಪೂರ್ತಿ ದುಡ್ಡು ಕೈಸೇರುವುದು ಅದಾದ ಮೇಲೆ. ಕಾಯುವ ರೈತರ ಮುಖ ನೋಡಿ ನೋಡಿ, ದುಡ್ಡು ಯಾವ ದಿನ ಬರುತ್ತದೆ ಅಂತ ಸರಿಯಾಗಿ ಹೇಳುವುದು ಎಷ್ಟು ದೊಡ್ಡ ಮಾತು ಅಂತ ತಿಳಿಯಿತು.

ಮದುವೆಯಾಗಿ ಬ್ಯಾಡಗಿಗೆ ಬಂದೆ. ಗಂಡನ ಮನೆಯ ದಲಾಲಿ ಅಂಗಡಿಯಲ್ಲಿ ಮೊದಲು ಲೆಕ್ಕ ಬರೆಯಲು ಕೂತೆ, ಆಮೇಲೆ ವ್ಯವಹಾರವನ್ನೇ ನೋಡಿಕೊಂಡೆ. ಈಗ ಒಂದು ಖಾರದಪುಡಿ ಘಟಕ ಇದೆ, ಕೋಲ್ಡ್ ಸ್ಟೋರೇಜ್‌ನಲ್ಲಿ ಒಂದು ಪಾಲು ಇದೆ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಿ ಮಾನ್ಯತೆ ಸಿಕ್ಕ ಮೇಲೆ ದೂರದೂರಿನ ಗಿರಾಕಿಗಳು ಹೆಸರು ಹಿಡಿದು ಕೇಳತೊಡಗಿದರು. ಇದರಲ್ಲಿ ಡಬ್ಬಿ, ಕಡ್ಡಿ ಅಂತ ಎರಡು ಬಗೆ, ಎರಡರಲ್ಲೂ ಖಾರ ಕಡಿಮೆ, ಬಣ್ಣ ಜಾಸ್ತಿ. ಆ ಬಣ್ಣಕ್ಕೇ ಬೆಲೆ. ಬಿಸಿಲು, ಸೆಖೆ ತಾಗಿದರೆ ಬಣ್ಣ ಇಳಿಯುತ್ತದೆ, ಅದಕ್ಕೇ ತಂಪಿನಲ್ಲಿ ಇಡುವುದು.

ನಮ್ಮ ಕೋಲ್ಡ್ ಸ್ಟೋರೇಜ್‌ನ ತಂಪಿಗೂ ರಕ್ತ ಕೇಂದ್ರದ ಫ್ರಿಜ್‌ನ ತಂಪಿಗೂ ಜಾಸ್ತಿ ಅಂತರವಿಲ್ಲ. ಕೆಂಪು ರಕ್ತಕಣದ ಚೀಲವನ್ನು 2ರಿಂದ 6 ಡಿಗ್ರಿಯಲ್ಲಿ ಇಡುತ್ತಾರೆ. ಆದರೆ ಮೆಣಸಿನಕಾಯಿ ಚೀಲ ದರಕ್ಕಾಗಿ ಮುಂದಿನ ವರ್ಷದವರೆಗೂ ಕಾಯಬಲ್ಲದು. ರಕ್ತದ ಚೀಲಕ್ಕೆ ಅದರಲ್ಲಿರುವ ದ್ರಾವಣದ ಮೇಲೆ 35 ದಿನ, ಇಲ್ಲವೇ 42 ದಿನ. ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಆದರೆ ಬರೀ 5 ದಿನ, ಅದೂ 20ರಿಂದ 24 ಡಿಗ್ರಿಯಲ್ಲಿ, ಸದಾ ಅಲ್ಲಾಡಿಸುತ್ತಾ. ವ್ಯಾಪಾರದಲ್ಲಿ ಸಂಗ್ರಹ ಜಾಸ್ತಿ ಇದ್ದಷ್ಟೂ ಧೈರ್ಯ. ಇಲ್ಲಿ ಹಾಗಲ್ಲ. ಬೇಕಾದ ವಾರದಲ್ಲಿ ಬೇಕಾದಷ್ಟು ಬರಬೇಕು, ಅಷ್ಟೇ.

ಹಾಗಾಗಿ ಗಣ್ಯರ ಹುಟ್ಟುಹಬ್ಬಕ್ಕೆ ನಡೆಯುವ ಭಾರಿ ಶಿಬಿರಗಳ ಬಗ್ಗೆ ನನಗೆ ಬೇಸರವಿದೆ. ಒಂದೇ ದಿನ ನೂರಾರು ಯೂನಿಟ್ ಸಂಗ್ರಹ, ಮರುದಿನ ಪತ್ರಿಕೆಯಲ್ಲಿ ಫೋಟೊ. ಕೊಟ್ಟವರ ಮನಸ್ಸು ದೊಡ್ಡದು, ಅದರಲ್ಲಿ ಅನುಮಾನ ಇಲ್ಲ. ಆದರೆ ಗಂಡಸರು ಒಮ್ಮೆ ರಕ್ತ ಕೊಟ್ಟರೆ ಮತ್ತೆ 90 ದಿನ ಕೊಡುವಂತಿಲ್ಲ, ಹೆಂಗಸರು 120 ದಿನ. ಒಂದು ತಾಲ್ಲೂಕಿನ ದಾನಿಗಳೆಲ್ಲ ಒಂದೇ ದಿನ ಕೊಟ್ಟುಬಿಟ್ಟರೆ ಮುಂದಿನ ಮೂರು ತಿಂಗಳು ಆ ತಾಲ್ಲೂಕು ಖಾಲಿ. ಜೂನ್ 14ರ ವಿಶ್ವ ರಕ್ತದಾನಿಗಳ ದಿನ, ಅಕ್ಟೋಬರ್ 1ರ ರಾಷ್ಟ್ರೀಯ ದಿನ ಆಚರಿಸೋಣ, ಬೇಡ ಅನ್ನುವುದಿಲ್ಲ. ಆದರೆ ಅವತ್ತು ಭಾಷಣ, ಹೆಸರು ನೋಂದಣಿ ಮಾಡಿ, ರಕ್ತವನ್ನು ಹಂಚಿ ತೆಗೆದುಕೊಳ್ಳೋಣ.

ನಾವು ಮಾಡುವುದು ಹೀಗೆ. ಕಾಲೇಜು ಹುಡುಗರ ಸರದಿ ಜುಲೈನಿಂದ ಜನವರಿವರೆಗೆ. ಅಂಗಡಿಯವರು, ಬ್ಯಾಂಕಿನವರು, ಶಿಕ್ಷಕರು, ಲಾರಿ ಚಾಲಕರು, ಅಂದರೆ ಬೇಸಿಗೆಯಲ್ಲೂ ಊರಲ್ಲಿ ಸಿಗುವವರನ್ನು ಏಪ್ರಿಲ್, ಮೇಗೆ ಮೀಸಲು ಇಡುತ್ತೇವೆ. ಅವರು ಜನವರಿಯ ನಂತರ ಬೇರೆಲ್ಲೂ ಕೊಡದ ಹಾಗೆ ಮೊದಲೇ ವಿನಂತಿ ಮಾಡುತ್ತೇವೆ. ಮಳೆಗಾಲದಲ್ಲಿ ಡೆಂಗಿ ಬಂದಾಗ ಪ್ಲೇಟ್‌ಲೆಟ್‌ಗೆ ಒಂದು ಬೇರೆ ಪಟ್ಟಿ, ಅದು ಫೋನ್ ಮಾಡಿದ ಕೂಡಲೇ ಹೊರಡಬಲ್ಲವರದ್ದು. ಆ ಹೊತ್ತಿಗೆ ಮಾರುಕಟ್ಟೆಯಲ್ಲಿ ಆವಕ ಕಡಿಮೆ, ನನ್ನ ಕೈ ಸ್ವಲ್ಪ ಖಾಲಿ. ರಾತ್ರಿ ಫೋನಿನ ಪಾಳಿ ಮಳೆಗಾಲದಲ್ಲಿ ನಾನೇ ಜಾಸ್ತಿ ಹಿಡಿಯುತ್ತೇನೆ. ಮೆಣಸಿನಕಾಯಿ ಸೀಸನ್‌ನಲ್ಲಿ ಬೇರೆಯವರು.

ಈ ಪಟ್ಟಿಯ ಹಿಂದೆ ಥಲಸ್ಸೀಮಿಯಾ ಮಕ್ಕಳಿದ್ದಾರೆ, ಅಂದರೆ ಮೈಯಲ್ಲಿ ರಕ್ತ ಸರಿಯಾಗಿ ತಯಾರಾಗದ ಹುಟ್ಟು ಕಾಯಿಲೆ ಇರುವವರು. ತೀವ್ರ ಥಲಸ್ಸೀಮಿಯಾ ಇರುವ ಮಗುವಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಬೇಕು, ಜೀವನಪೂರ್ತಿ. ಮೂರು ವಾರಕ್ಕೊಮ್ಮೆ ಒಂದು ಯೂನಿಟ್ ಅಂದುಕೊಂಡರೂ ವರ್ಷಕ್ಕೆ 17 ಯೂನಿಟ್. ಒಬ್ಬ ಗಂಡಸು ವರ್ಷಕ್ಕೆ ಹೆಚ್ಚೆಂದರೆ 4 ಸಲ ಕೊಡಬಹುದು. ಅಂದರೆ ಒಂದು ಮಗುವಿಗೆ ಕನಿಷ್ಠ 5 ಜನ ಬೇಕು, ಯಾರೂ ತಪ್ಪಿಸದೆ ಇದ್ದರೆ. ಕೂಲಿಗೆ ಹೋಗುವ ಅಪ್ಪ ಆ ಐದು ಜನರನ್ನು ಎಲ್ಲಿ ಹುಡುಕಬೇಕು? ದುಡ್ಡು ಕೊಟ್ಟು ರಕ್ತ ಕೊಳ್ಳುವ ದಾರಿ 1998ರ ಜನವರಿ 1ರಿಂದ ದೇಶದಲ್ಲಿ ನಿಷೇಧ. ಸುಪ್ರೀಂ ಕೋರ್ಟ್ ಮಾಡಿದ ಒಳ್ಳೆಯ ಕೆಲಸ ಅದು. ರಕ್ತ ಮಾರಿ ಬದುಕುತ್ತಿದ್ದವರ ಆರೋಗ್ಯವೂ ಹಾಳು, ಪಡೆದವರಿಗೂ ಅಪಾಯ. ಆದರೆ ಆ ಬಾಗಿಲು ಮುಚ್ಚಿದ ಮೇಲೆ ತೆರೆದಿರಬೇಕಾದ ಬಾಗಿಲು ನಮ್ಮ ನಿಮ್ಮಂಥವರದ್ದು. ಮಗುವಿನ ತಾರೀಕು ಗುರುವಾರ ಬಿದ್ದರೆ, ಅವತ್ತು ಮಾರುಕಟ್ಟೆ ಅಂತ ನಾನು ಹೇಳುವ ಹಾಗಿಲ್ಲ. ಹಾಗಾಗಿ ಆ ಗುರುವಾರಕ್ಕೆ ಬೇರೆಯವರನ್ನು ಬುಧವಾರವೇ ಒಪ್ಪಿಸಿರುತ್ತೇನೆ.

ಒಂದು ಶಿಬಿರದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಮಾರುಕಟ್ಟೆ ಇಲ್ಲದ ದಿನ, ಮಾರುಕಟ್ಟೆ ಪಕ್ಕದ ಸಭಾಭವನದಲ್ಲಿ ಇಟ್ಟಿದ್ದೆವು. ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳು ಊಟದ ಹೊತ್ತಿಗೆ ಗುಂಪಾಗಿ ಬಂದರು. ಯಾರೂ ಒತ್ತಾಯ ಮಾಡಿರಲಿಲ್ಲ, ತಾವಾಗಿಯೇ ಬಂದದ್ದು. ತೊಟ್ಟು ಬಿಡಿಸುವ ಕೆಲಸ ನೋಡಿದವರಿಗೆ ಗೊತ್ತು. ಬೆಳಗಿನಿಂದ ಸಂಜೆವರೆಗೆ ನೆಲದ ಮೇಲೆ ಕೂತು ಒಂದೊಂದೇ ಕಾಯಿ, ಮೂಗಿಗೆ ಸೆರಗು ಕಟ್ಟಿಕೊಂಡು. ಕೈ ಉರಿ ರಾತ್ರಿಯೂ ಆರುವುದಿಲ್ಲ.

ರಕ್ತ ತೆಗೆಯುವ ಮೊದಲು ಹಿಮೋಗ್ಲೋಬಿನ್ ನೋಡುತ್ತಾರೆ. ಕನಿಷ್ಠ 12.5 ಇರಬೇಕು, ತೂಕ 45 ಕಿಲೊ ಇರಬೇಕು. ಅವತ್ತು ಬಂದಿದ್ದ ತಂಡ ಹಳೆಯ ವಿಧಾನ ಬಳಸಿತು. ಸಣ್ಣ ಗಾಜಿನ ಜಾರಿನಲ್ಲಿ ಮೈಲುತುತ್ತದ ನೀಲಿ ನೀರು. ಬೆರಳಿಗೆ ಚುಚ್ಚಿ ಒಂದು ಹನಿ ರಕ್ತ ಅದಕ್ಕೆ ಬಿಡುತ್ತಾರೆ. ಹನಿ ಮುಳುಗಿತೋ, ರಕ್ತ ಕೊಡಬಹುದು. ತೇಲಿತೋ, ಆಗದು. ನಾನು ಟೆಕ್ನಿಶಿಯನ್ ಪಕ್ಕದಲ್ಲೇ ಹೆಸರು ಬರೆದುಕೊಳ್ಳುತ್ತಾ ಕೂತಿದ್ದೆ. ಮೊದಲನೆಯವಳ ಹನಿ ಸ್ವಲ್ಪ ಇಳಿದು ಅರ್ಧದಲ್ಲೇ ನಿಂತಿತು, ಮತ್ತೆ ಮೇಲೆ ಬಂತು. ಎರಡನೆಯವಳದ್ದು ಇಳಿಯಲೇ ಇಲ್ಲ. ಮೂರನೆಯವಳದ್ದೂ ಅಷ್ಟೇ. ಸಾಲಿನಲ್ಲಿದ್ದವರು ಬಗ್ಗಿ ಬಗ್ಗಿ ಆ ಜಾರನ್ನೇ ನೋಡುತ್ತಿದ್ದರು. ಒಬ್ಬ ಹಿರಿಯ ಹೆಂಗಸು ಕೇಳಿದರು, "ಅಕ್ಕಾರ, ದಿನಾ ಕೆಂಪು ಕಾಯಿ ನಡುವ ಕೂರತೀವಿ, ನಮ್ಮ ರಕ್ತಕ್ಕ ಕಸುವಿಲ್ಲೇನ್ರಿ?"

ಬಂದವರಲ್ಲಿ ಹೆಚ್ಚಿನವರನ್ನು ಅವತ್ತು ಹಿಂದೆ ಕಳಿಸಬೇಕಾಯಿತು. ಖರ್ಚು ಕೊಟ್ಟಿದ್ದ ಒಬ್ಬ ವ್ಯಾಪಾರಿಗೆ ಯೂನಿಟ್ ಲೆಕ್ಕ ಕಡಿಮೆ ಬಂತು ಅಂತ ಅಸಮಾಧಾನ. ವ್ಯಾಪಾರದ ಕಣ್ಣಿನಿಂದ ನೋಡಿದರೆ ಅದು ನಷ್ಟದ ಶಿಬಿರವೇ. ಆದರೆ ನನ್ನ ಮಟ್ಟಿಗೆ ನಮ್ಮ ಸಂಘದ ಅತಿ ಮುಖ್ಯ ಶಿಬಿರ ಅದು. ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಜನರಿಗೆ ರಕ್ತಹೀನತೆ ಇದೆ ಅಂತ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಆ ಅಂಕಿ ನನಗೆ ಅರ್ಥವಾಗಿದ್ದು ಆ ನೀಲಿ ನೀರಿನ ಮುಂದೆ ಕೂತಾಗ. ಬೇರೆಯವರಿಗೆ ರಕ್ತ ಕೊಡಲು ತಾವಾಗಿ ಬಂದವರಿಗೇ ರಕ್ತ ಸಾಲದು!

ಡಾಕ್ಟರನ್ನು ಕೇಳಿ ಮುಂದಿನ ಕೆಲಸ ಶುರು ಮಾಡಿದೆವು. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಕಬ್ಬಿಣಾಂಶದ ಮಾತ್ರೆ, ಜಂತುಹುಳದ ಮಾತ್ರೆ ಪುಕ್ಕಟೆ ಸಿಗುತ್ತವೆ. ಆದರೆ ಕೇಂದ್ರ ತೆರೆದಿರುವ ಹೊತ್ತಿನಲ್ಲಿ ಇವರು ಕೂಲಿ ಬಿಟ್ಟು ಹೋಗಲಾರರು. ಆಶಾ ಕಾರ್ಯಕರ್ತೆಯರ ಜೊತೆ ಮಾತಾಡಿ, ಮಾತ್ರೆ ತೊಟ್ಟು ಬಿಡಿಸುವ ಜಾಗಕ್ಕೇ ಬರುವ ಹಾಗೆ ಮಾಡಿದೆವು. ಚಹಾದ್ದು ಇನ್ನೊಂದು ವಿಷಯ. ನಮ್ಮಲ್ಲಿ ಊಟ ಮುಗಿದ ಕೂಡಲೇ ಚಹಾ ಬರುವುದು ರೂಢಿ. ಊಟದ ಜೊತೆ ಚಹಾ ಕುಡಿದರೆ ಕಬ್ಬಿಣಾಂಶ ಮೈಗೆ ಹತ್ತುವುದು ಕಡಿಮೆ ಆಗುತ್ತದೆ. ನನ್ನ ಘಟಕದಲ್ಲಿ ಚಹಾದ ಹೊತ್ತನ್ನು ಊಟದ ನಂತರ ಒಂದು ಗಂಟೆಗೆ ತಳ್ಳಿದೆ, ಊಟಕ್ಕೆ ಲಿಂಬೆಹಣ್ಣು ಇಟ್ಟೆ. ಅಕ್ಕಪಕ್ಕದ ಕೆಲವು ಅಂಗಡಿಯವರೂ ಹಾಗೇ ಮಾಡಿದರು. ಕೆಲವು ಹೆಂಗಸರ ಹನಿ ಆಮೇಲೆ ಮುಳುಗಿತು, ದಾನಿಗಳೂ ಆದರು. ಕೆಲವರದ್ದು ಈಗಲೂ ತೇಲುತ್ತದೆ. ಅವರನ್ನು ದೊಡ್ಡ ಆಸ್ಪತ್ರೆಗೆ ತೋರಿಸುವುದು ನಡೆದಿದೆ. ವ್ಯಾಪಾರದಲ್ಲಿ ಇಲ್ಲದಿದ್ದರೆ ಈ ಚಹಾದ ಹೊತ್ತು ಬದಲಿಸುವ ಅಧಿಕಾರ ನನಗೆ ಇರುತ್ತಿರಲಿಲ್ಲ. ಸಂಘದಲ್ಲಿ ಇಲ್ಲದಿದ್ದರೆ ಬದಲಿಸಬೇಕು ಅಂತ ಗೊತ್ತಾಗುತ್ತಿರಲಿಲ್ಲ.

ದುಡ್ಡಿನ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿ. ಸಂಘ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿ ಆಗಿದೆ, ಪ್ರತಿ ವರ್ಷ ಆಡಿಟ್ ಮಾಡಿಸಿ ಕಾಗದ ಸಲ್ಲಿಸಬೇಕು. ಅದು ಕಾನೂನಿನ ಮಾತಾಯಿತು. ನಾನು ಹೇಳಬೇಕೆಂದಿರುವುದು ಬೇರೆ. ನಮ್ಮಂಥ ವ್ಯಾಪಾರಸ್ಥರು ಅಧ್ಯಕ್ಷರಾದಾಗ ಗಾಡಿ ನಮ್ಮದು, ಪೆಟ್ರೋಲ್ ನಮ್ಮದು, ಅಂಗಡಿಯ ಹುಡುಗನನ್ನೇ ಓಡಾಡಿಸುತ್ತೇವೆ, ಝೆರಾಕ್ಸ್ ಅಂಗಡಿಯಲ್ಲೇ ಆಗುತ್ತದೆ. "ಸಂಘಕ್ಕೆ ಒಂದು ಪೈಸೆ ಖರ್ಚು ಹಾಕಿಲ್ಲ" ಅಂತ ಮಹಾಸಭೆಯಲ್ಲಿ ಹೇಳಿದರೆ ಚಪ್ಪಾಳೆ ಬೀಳುತ್ತದೆ. ನನಗೆ ಆ ಚಪ್ಪಾಳೆ ಇಷ್ಟವಿಲ್ಲ. ಹಾಗೆ ಮಾಡಿದರೆ ಸಂಘ ನಡೆಸಲು ನಿಜವಾಗಿ ಎಷ್ಟು ಖರ್ಚು ಅಂತ ಪುಸ್ತಕದಲ್ಲಿ ಎಲ್ಲೂ ಇರುವುದಿಲ್ಲ. ನಾಳೆ ಒಬ್ಬ ಅಂಗನವಾಡಿ ಕಾರ್ಯಕರ್ತೆಯೋ, ಕೂಲಿ ಮಾಡುವ ತಾಯಿಯೋ ಅಧ್ಯಕ್ಷೆ ಆಗಬೇಕಂದರೆ ಆಗಲು ಸಾಧ್ಯವೇ ಇಲ್ಲ. ಕುರ್ಚಿ ಸುಮ್ನೆ ದುಡ್ಡಿದ್ದವರ ಪಾಲಾಗುತ್ತದೆ. ಹಾಗಾಗಿ ನಾನು ಪ್ರತಿ ಖರ್ಚಿಗೂ ವೋಚರ್ ಹಾಕುತ್ತೇನೆ, ಸಂಘದಿಂದ ದುಡ್ಡು ತೆಗೆದುಕೊಳ್ಳುತ್ತೇನೆ. ಕೊಡಬೇಕು ಅನಿಸಿದ್ದನ್ನು ದೇಣಿಗೆ ಅಂತ ಬೇರೆ ಚೆಕ್ ಬರೆದು, ರಸೀದಿ ಪಡೆದು ಕೊಡುತ್ತೇನೆ. ಎರಡು ಸಲ ಬರೆಯುವ ಕೆಲಸ ನಿಜ. ಆದರೆ ಪುಸ್ತಕ ಸತ್ಯ ಹೇಳುತ್ತದೆ.

ಮಹಿಳೆಯರ ಒಂದು ಸೌಹಾರ್ದ ಸಹಕಾರಿಯಲ್ಲೂ ನಿರ್ದೇಶಕಿ ಆಗಿದ್ದೇನೆ. ಸಹಕಾರದ ವಿಷಯ ಬಂದರೆ ನಮ್ಮ ಕಡೆಯವರಿಗೆ ಒಂದು ಹೆಮ್ಮೆ ಇರುತ್ತದೆ. 1905ರಲ್ಲೇ ಪಕ್ಕದ ಗದಗಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರಿಗಾಗಿ ಸಹಕಾರ ಸಂಘ ಕಟ್ಟಿದ್ದರು. ಅಲ್ಲಿ ನಾನು ಇಟ್ಟುಕೊಂಡ ನಿಯಮ ಚಿಕ್ಕದು. ನಮ್ಮ ಅಂಗಡಿಗೆ ಮಾಲು ತರುವವರ ಅಥವಾ ನೆಂಟರ ಸಾಲದ ಅರ್ಜಿ ಬಂದರೆ ಸಭೆಯಿಂದ ಎದ್ದು ಹೊರಗೆ ಕೂರುತ್ತೇನೆ, ಹಾಗೇ ನಡಾವಳಿ ಪುಸ್ತಕದಲ್ಲಿ ಬರೆಸುತ್ತೇನೆ. ನನ್ನ ವ್ಯಾಪಾರಕ್ಕೆ ಅಲ್ಲಿ ಸಾಲ ಕೇಳುವುದಿಲ್ಲ. ಮೊದಮೊದಲು ಕೆಲವರಿಗೆ ಇದು ಅತಿ ಅನಿಸಿತ್ತು. ಈಗ ಉಳಿದ ನಿರ್ದೇಶಕಿಯರೂ ಎದ್ದು ಹೋಗುತ್ತಾರೆ.

ಎರಡೂ ದೋಣಿ ಒಟ್ಟಿಗೆ ನಡೆಸುವಾಗ ಏನನ್ನೂ ಬಿಡದೆ ಆಗುತ್ತದೆ ಅಂತ ನಾನು ಹೇಳುವುದಿಲ್ಲ. ಗುಂಟೂರಿನಲ್ಲಿ ಖರೀದಿಗೆ ಇಳಿಯುವ ಅವಕಾಶ ಬಂದಿತ್ತು. ಒಳ್ಳೆಯ ಪಾಲುದಾರರೂ ಸಿಕ್ಕಿದ್ದರು. ಅಲ್ಲಿನ ಸೀಸನ್ನಿಗೂ ಹೋದರೆ ಏಪ್ರಿಲ್, ಮೇ ಪೂರ್ತಿ ಹೋಗುತ್ತದೆ. ಮನೆಯವರೆಲ್ಲ ಕೂತು ಮಾತಾಡಿ ಬೇಡ ಅಂದೆವು. ಅದರಿಂದ ವ್ಯಾಪಾರ ಬೆಳೆಯಬಹುದಾದಷ್ಟು ಬೆಳೆಯಲಿಲ್ಲ. ನನಗೆ ಅದರ ಬಗ್ಗೆ ನೋವಿಲ್ಲ, ಯಾಕಂದರೆ ಲೆಕ್ಕ ಹಾಕಿಯೇ ಬಿಟ್ಟದ್ದು. ಸಂಘದ ಕಡೆಯೂ ಬಿಟ್ಟದ್ದಿದೆ. ಜಿಲ್ಲಾ ಮಟ್ಟದ ಹುದ್ದೆ, ರಾಜ್ಯ ಸಮಿತಿ ಅಂತ ಕರೆಯುತ್ತಾರೆ. ಬೆಂಗಳೂರಿಗೆ ಹೋಗಿ ಬರುವ ಹೊತ್ತಿನಲ್ಲಿ ಇಲ್ಲಿ ಪಟ್ಟಿಯಲ್ಲಿರುವವರಿಗೆಲ್ಲ ಫೋನ್ ಮಾಡಿ ಮುಗಿಸಬಹುದು.

ಈ ಸಲ ಸಂಘದ ಕಾರ್ಯದರ್ಶಿಯಾಗಿ ಬಂದಿರುವವರು ಬ್ಯಾಂಕಿನಲ್ಲಿ ಕೆಲಸ ಮಾಡುವ ತರುಣಿ. ಮಾರ್ಚ್ ಅವರಿಗೆ ನನಗಿಂತ ಕಷ್ಟ. ಆದ್ದರಿಂದ ಏಪ್ರಿಲ್ ಪಟ್ಟಿಯನ್ನು ಜನವರಿ ಕೊನೆಗೇ ಮುಗಿಸೋಣ ಅಂತ ಅವರು ಹೇಳಿದರು, ನಾವೆಲ್ಲ ಒಪ್ಪಿದೆವು. ಓ ನೆಗೆಟಿವ್, ಬಿ ನೆಗೆಟಿವ್ ದಾನಿಗಳು ಇನ್ನೂ ಕಡಿಮೆ ಇದ್ದಾರೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ, ಹಾನಗಲ್ ಕಡೆ ನಿಮಗೆ ಗೊತ್ತಿರುವವರು ಯಾರಾದರೂ ಬೇಸಿಗೆಯಲ್ಲಿ ಊರಲ್ಲೇ ಇರುವವರಿದ್ದರೆ, ಹತ್ತಿರದ ರಕ್ತ ಕೇಂದ್ರದಲ್ಲಿ ಏಪ್ರಿಲ್‌ಗೆ ಅಂತ ಈಗಲೇ ಹೆಸರು ಬರೆಸಲು ಹೇಳಿ.